ನೋಟ್‌ಪ್ಯಾಡ್‌ಗೆ ಅಂಟಿಕೊಂಡ ಶಾಲೆಯ ಫೈಲನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ 9ನೇ ತರಗತಿ ಓದುತ್ತಿದ್ದಾಳೆ. ಐಟಿ ಪಾಠಕ್ಕೆ ಶಾಲೆಯಲ್ಲಿ ಮಾಡಿದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದಳು. ಹೆಸರಿನ ಕೊನೆಗೆ .ಓಡಿಟಿ ಎಂದಿದೆ. ನಮ್ಮ ವಿಂಡೋಸ್ 11 ಕಂಪ್ಯೂಟರಿನಲ್ಲಿ ಅದನ್ನು ಒತ್ತಿದಾಗ ಯಾವುದರಲ್ಲಿ ತೆರೆಯಬೇಕು ಎಂದು ಕೇಳಿತು. ಅವಳು ನೋಟ್‌ಪ್ಯಾಡ್ ಆರಿಸಿ ‘ಆಲ್ವೇಸ್’ ಒತ್ತಿಬಿಟ್ಟಳು. ಈಗ ಅಂಥ ಫೈಲುಗಳೆಲ್ಲ ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತವೆ. ‘ಪಿಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಬರೀ ಕಸ. ಬದಿಯಡ್ಕ ಪೇಟೆಯ ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಮಾಡಬೇಕು ಅಂದರು. ಈ ಜೋಡಣೆಯನ್ನು ತೆಗೆದುಹಾಕಲು ಬೇರೆ ದಾರಿ ಇಲ್ಲವೇ?
– ಒಬ್ಬ ತಾಯಿ, ಪೆರ್ಲ

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ ಅಕ್ಕಾ. ಎರಡು ನಿಮಿಷದ ಕೆಲಸ ಇದು. ನನ್ನ ದೊಡ್ಡಮ್ಮನ ಮನೆಯಲ್ಲೂ ಇಂಥದೇ ಒಂದು ತೊಂದರೆಗೆ ಯಾರೋ ಫಾರ್ಮ್ಯಾಟ್ ಮಾಡಿಕೊಟ್ಟಿದ್ದರು. ಮನೆಯ ಒಕ್ಕಲಿನ ಫೋಟೋಗಳೆಲ್ಲ ಹೋದವು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆ ಸಂಕಟ ನೋಡಿದ ಮೇಲೆ ಈ ವಿಷಯವನ್ನು ಯಾರು ಕೇಳಿದರೂ ಬಿಡಿಸಿ ಹೇಳುತ್ತೇನೆ.

ನಿಮ್ಮ ಮಗಳ ಫೈಲಿಗೆ ಏನೂ ಆಗಿಲ್ಲ. ನೀವು ನೋಡಿದ ‘ಪಿಕೆ’ಯೇ ಅದಕ್ಕೆ ಗುರುತು. ಓಡಿಟಿ ಫೈಲ್ ಅಂದರೆ ನಿಜಕ್ಕೂ ಒಂದು ಜಿಪ್ ಕಟ್ಟು, ಅಂದರೆ ಹಲವು ಫೈಲುಗಳನ್ನು ಒತ್ತಿ ಒಂದಾಗಿ ಕಟ್ಟಿದ ಗಂಟು. ಜಿಪ್ ಮಾಡುವ ಕ್ರಮವನ್ನು 1989ರಲ್ಲಿ ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲ ಅಕ್ಷರಗಳು ಇಂದಿಗೂ ಪ್ರತಿ ಜಿಪ್ ಫೈಲಿನ ತಲೆಯಲ್ಲಿ ಕೂತಿವೆ. ಕಟ್ಟು ಬಿಚ್ಚಲು ಗೊತ್ತಿಲ್ಲದ ನೋಟ್‌ಪ್ಯಾಡ್ ಅದನ್ನು ಅಕ್ಷರವೆಂದೇ ತಿಳಿದು ಓದಲು ಹೋಗುತ್ತದೆ, ಆಗ ಕಸ ಕಾಣುತ್ತದೆ. ಒಂದು ಮಾತ್ರ ನೆನಪಿಡಿ: ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ‘ಸೇವ್’ ಒತ್ತಬೇಡಿ. ಒತ್ತಿದರೆ ಆ ಕಸವೇ ಫೈಲ್ ಆಗಿ ಉಳಿಯಬಹುದು. ಈಗಾಗಲೇ ಒತ್ತಿದ್ದರೆ ಶಾಲೆಯ ಕಂಪ್ಯೂಟರಿನಲ್ಲಿರುವ ಪ್ರತಿಯನ್ನೇ ಮತ್ತೆ ತರಬೇಕು.

ಈ ತೊಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ವಿಂಡೋಸ್‌ನಲ್ಲಿ ಅಲ್ಲ, ಶಾಲೆಗಳ ಕಂಪ್ಯೂಟರ್ ಕಲಿಕೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಕೊಡುವ, ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ. ಅಲ್ಲಿ ಬರೆಯುವ ಕೆಲಸಕ್ಕೆ ಲಿಬ್ರೆ ಆಫೀಸ್ ಇದೆ, ಅದು ಸೇವ್ ಮಾಡುವುದು ಓಡಿಟಿಯಾಗಿ. ಮನೆಯಲ್ಲಿರುವುದು ವಿಂಡೋಸ್. ಮೊದಲು ವಿಂಡೋಸ್‌ನಲ್ಲಿ ವರ್ಡ್‌ಪ್ಯಾಡ್ ಇತ್ತು, ಅದು ಓಡಿಟಿಯನ್ನು ಹೇಗೋ ತೆರೆಯುತ್ತಿತ್ತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದನ್ನು ತೆಗೆದುಬಿಟ್ಟರು. ವರ್ಡ್ ಕೂಡ ಇಲ್ಲದ ಮನೆಯಲ್ಲಿ ಓಡಿಟಿಯನ್ನು ತೆರೆಯುವವರೇ ಇಲ್ಲ. ಹಾಗಾಗಿ ವಿಂಡೋಸ್ ಕೇಳಿತು, ಮಗಳು ಕಣ್ಣಿಗೆ ಬಿದ್ದದ್ದನ್ನು ಆರಿಸಿದಳು. ಅವಳನ್ನು ಬೈಯಬೇಡಿ.

ಈಗ ಕೆಲಸಕ್ಕೆ ಬರೋಣ. ಮೊದಲು ಲಿಬ್ರೆ ಆಫೀಸನ್ನು ಅದರದ್ದೇ ಜಾಲತಾಣದಿಂದ ಇಳಿಸಿ ಹಾಕಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ. ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದುಕೊಳ್ಳಬೇಡಿ. ನೀವು ‘ಆಲ್ವೇಸ್’ ಎಂದು ಒತ್ತಿದ್ದನ್ನು ವಿಂಡೋಸ್ ನಿಮ್ಮ ಮಾತು ಎಂದೇ ಬರೆದಿಟ್ಟುಕೊಂಡಿದೆ, ಹೊಸ ತಂತ್ರಾಂಶ ಅದನ್ನು ತಾನಾಗಿ ಅಳಿಸುವುದಿಲ್ಲ. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ. ‘ಓಪನ್ ವಿತ್’, ಅದರೊಳಗೆ ‘ಚೂಸ್ ಅನದರ್ ಆಪ್’. ಪಟ್ಟಿಯಲ್ಲಿ ಲಿಬ್ರೆ ಆಫೀಸ್ ರೈಟರ್ ಆರಿಸಿ ‘ಆಲ್ವೇಸ್’ ಒತ್ತಿ. ಅಷ್ಟೇ. ‘ಸೆಟ್ಟಿಂಗ್ಸ್’ನ ‘ಆಪ್ಸ್’ನಲ್ಲಿ ‘ಡೀಫಾಲ್ಟ್ ಆಪ್ಸ್’ ತೆರೆದು, ಮೇಲಿನ ಪೆಟ್ಟಿಗೆಯಲ್ಲಿ ಚುಕ್ಕಿ ಸೇರಿಸಿ ಓಡಿಟಿ ಎಂದು ಟೈಪ್ ಮಾಡಿದರೂ ಇದೇ ಬದಲಾವಣೆ ಮಾಡಬಹುದು. ಅದೇ ಪುಟದ ಕೆಳಗೆ ಎಲ್ಲವನ್ನೂ ‘ರೀಸೆಟ್’ ಮಾಡುವ ಗುಂಡಿ ಇರುತ್ತದೆ. ಅದನ್ನು ಮುಟ್ಟಬೇಡಿ. ಒಂದು ಓಡಿಟಿಗಾಗಿ ನೀವು ಇಷ್ಟಪಟ್ಟು ಆರಿಸಿಟ್ಟ ಬ್ರೌಸರ್, ಫೋಟೋ ಆಪ್ ಎಲ್ಲ ಬದಲಾಗಿ ಹೋಗುತ್ತವೆ.

ಆದರೆ ನೀವು ಕೇಳಿದ್ದು ತೆಗೆದುಹಾಕುವುದು ಹೇಗೆ ಅಂತ, ಅಲ್ವಾ? ಅಂದರೆ ಯಾವುದಕ್ಕೂ ಜೋಡಿಸದೆ, ಮೊದಲಿನ ಹಾಗೆ ಬಿಡುವುದು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಗುಂಡಿಯೇ ಇಲ್ಲ. ಒಂದರ ಬದಲು ಇನ್ನೊಂದನ್ನು ಕೂರಿಸಬಹುದು, ಖಾಲಿ ಬಿಡಲು ಆಗುವುದಿಲ್ಲ. ಇಷ್ಟು ಸಣ್ಣ ಅನುಕೂಲ ಇರಲೇಬೇಕಿತ್ತು ಎಂದು ನನ್ನ ಅಭಿಪ್ರಾಯ. ಇಂಥ ಫೈಲನ್ನು ಸರಿಯಾಗಿ ತೆರೆಯುವ ತಂತ್ರಾಂಶ ಮನೆಯಲ್ಲಿ ಇಲ್ಲದಿದ್ದಾಗ ನಿಜವಾಗಿ ತೆಗೆದುಹಾಕಬೇಕಾಗುತ್ತದೆ. ಅದಕ್ಕೆ ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡತಕ್ಕೆ, ಇಳಿಯಬೇಕು.

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ರೆಜ್‌ಎಡಿಟ್ (regedit) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಡಗಡೆಯಲ್ಲಿ ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್‌ಟ್ಸ್ – ಹೀಗೆ ಒಂದರೊಳಗೆ ಒಂದು ತೆರೆಯುತ್ತ ಹೋಗಿ. ಅಲ್ಲಿ ಪ್ರತಿಯೊಂದು ಬಗೆಗೂ ಒಂದೊಂದು ಫೋಲ್ಡರ್ ಇದೆ. .ಓಡಿಟಿಯನ್ನು ಹುಡುಕಿ, ಮೊದಲು ಬಲಗುಂಡಿ ಒತ್ತಿ ‘ಎಕ್ಸ್‌ಪೋರ್ಟ್’ ಮಾಡಿ ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಳ್ಳಿ. ಏನಾದರೂ ಹೆಚ್ಚುಕಮ್ಮಿಯಾದರೆ ಹಿಂದಿರುಗಲು ಅದು ಬೇಕು. ಆಮೇಲೆ ಆ ಫೋಲ್ಡರನ್ನು ಮಾತ್ರ ಅಳಿಸಿ, ಲಾಗ್‌ಆಫ್ ಆಗಿ ಮತ್ತೆ ಬನ್ನಿ. ಅದರೊಳಗಿನ ‘ಯೂಸರ್‌ಚಾಯ್ಸ್’ನಲ್ಲಿ ಕಾಣುವ ಹೆಸರನ್ನು ತಿದ್ದಲು ಹೋಗಬೇಡಿ. ವಿಂಡೋಸ್ 8ರಿಂದ ಈಚೆಗೆ ಅದರ ಪಕ್ಕದಲ್ಲಿ ‘ಹ್ಯಾಶ್’ ಎಂಬ ಮುದ್ರೆ ಇರುತ್ತದೆ. ಹೆಸರು ಮತ್ತು ಮುದ್ರೆ ತಾಳೆಯಾಗದಿದ್ದರೆ ವಿಂಡೋಸ್ ನಿಮ್ಮ ತಿದ್ದುಪಡಿಯನ್ನು ಒಪ್ಪುವುದಿಲ್ಲ.

ಕೆಲವರು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಅಸಾಕ್’ ಆಜ್ಞೆ ಕೊಟ್ಟು ನೋಡಿ, ಏನೂ ಬದಲಾಗಲಿಲ್ಲ ಎಂದು ಬೇಸರಪಡುತ್ತಾರೆ. ಅದು ಇಡೀ ಕಂಪ್ಯೂಟರಿಗೆ ಬರೆದಿಟ್ಟ ಜೋಡಣೆಯನ್ನು ಮಾತ್ರ ತೆಗೆಯುತ್ತದೆ. ನೀವು ಬೆರಳಿಂದ ಒತ್ತಿದ ‘ಆಲ್ವೇಸ್’ ನಿಮ್ಮ ಖಾತೆಯಲ್ಲಿ ಹಾಗೇ ಉಳಿದಿರುತ್ತದೆ.

ಇದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿಬಿಡಿ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’, ‘ಶೋ’ ಒಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಗುರುತು ಹಾಕಿ. ಫೈಲಿನ ಬಾಲ, ಅಂದರೆ ಹೆಸರಿನ ಕೊನೆಯ .ಓಡಿಟಿಯಂಥ ತುಂಡು, ಕಣ್ಣಿಗೆ ಕಾಣಲೇಬೇಕು. 2000ನೇ ಇಸವಿಯ ಮೇ ತಿಂಗಳಲ್ಲಿ ಲೋಕವೆಲ್ಲ ಹರಡಿದ ‘ಐ ಲವ್ ಯೂ’ ವರ್ಮ್ (ತಾನಾಗಿ ಹರಡುವ ವೈರಸ್ಸಿನಂಥದ್ದು) ಇಮೇಲಿನಲ್ಲಿ ಬಂದದ್ದು ಟಿಎಕ್ಸ್‌ಟಿ.ವಿಬಿಎಸ್ ಎಂಬ ಎರಡು ಬಾಲ ಹೊತ್ತು. ಕೊನೆಯ ವಿಬಿಎಸ್ ಮರೆಯಾಗಿದ್ದ ಕಡೆ ಜನ ಅದನ್ನು ಸಾದಾ ಕಾಗದ ಎಂದು ನಂಬಿ ತೆರೆದರು. ಆದ್ದರಿಂದ ಒತ್ತಿದ ಕೂಡಲೇ ಒಳಗಿನ ಆಜ್ಞೆಗಳನ್ನು ನಡೆಸುವ .ವಿಬಿಎಸ್, .ಜೆಎಸ್ ಬಗೆಯವನ್ನು ಬೇಕೆಂದೇ ನೋಟ್‌ಪ್ಯಾಡ್‌ಗೆ ಜೋಡಿಸಿಡಿ. ಮನೆಯ ಕಂಪ್ಯೂಟರಿನಲ್ಲಿ ಅವುಗಳಿಂದ ಆಗಬೇಕಾದ ಕೆಲಸ ಬಹಳ ಕಡಿಮೆ. ಮಕ್ಕಳು ತಪ್ಪಿ ಒತ್ತಿದರೂ ಅಕ್ಷರ ಕಾಣುತ್ತದೆ, ಒಳಗಿರುವುದು ಓಡುವುದಿಲ್ಲ.

ಪ್ರಶ್ನೆ: ಅಣ್ಣನ ಹಳೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪಿನ ಐಕಾನ್‌ಗಳೆಲ್ಲ ಒಂದೇ ರೀತಿ ಆಗಿವೆ. ಯಾವುದನ್ನು ಒತ್ತಿದರೂ ಬ್ರೌಸರೇ ಬರುತ್ತದೆ. ವೈರಸ್ ಆಗಿರಬಹುದೇ?
– ಒಬ್ಬ ವಿದ್ಯಾರ್ಥಿ, ಕುಂಬಳೆ

ಉತ್ತರ: ವೈರಸ್ ಇರಲೇಬೇಕೆಂದಿಲ್ಲ. ಡೆಸ್ಕ್‌ಟಾಪಿನಲ್ಲಿರುವ ಶಾರ್ಟ್‌ಕಟ್‌ಗಳಿಗೂ .ಎಲ್‌ಎನ್‌ಕೆ ಎಂಬ ಬಾಲ ಇದೆ, ಸುಮ್ನೆ ಕಾಣುವುದಿಲ್ಲ ಅಷ್ಟೇ. ಯಾರೋ ‘ಓಪನ್ ವಿತ್’ನಲ್ಲಿ ಬ್ರೌಸರ್ ಆರಿಸಿ, ಯಾವಾಗಲೂ ಹೀಗೇ ಎಂದು ಗುರುತು ಹಾಕಿರಬೇಕು. ಶಾರ್ಟ್‌ಕಟ್‌ಗೆ ಯಾವ ತಂತ್ರಾಂಶವನ್ನೂ ಜೋಡಿಸಬಾರದು, ಅದನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ. ಇಲ್ಲಿ ಬದಲಾಯಿಸಿ ಪ್ರಯೋಜನವಿಲ್ಲ, ತೆಗೆದೇ ಹಾಕಬೇಕು. ಮೇಲೆ ಹೇಳಿದ ದಾರಿಯಲ್ಲೇ ಫೈಲ್‌ಎಕ್ಸ್‌ಟ್ಸ್ ತನಕ ಹೋಗಿ. .ಎಲ್‌ಎನ್‌ಕೆ ಒಳಗಿನ ‘ಯೂಸರ್‌ಚಾಯ್ಸ್’ ಎಂಬ ಒಂದನ್ನು ಮಾತ್ರ ಅಳಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿ. ಐಕಾನ್‌ಗಳು ಮೊದಲಿನಂತಾಗುತ್ತವೆ. ಸರಿಯಾದ ಮೇಲೂ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ ಎಂದು ಅಣ್ಣನಿಗೆ ಹೇಳಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ.