ಮುಂಗಡ ಕೊಡುವ ಮೊದಲು ಆಟಿಯ ಮಳೆಯಲ್ಲಿ 15 ದಿನ ಇದ್ದು ನೋಡಲಿ

ನಿಮ್ಮ ತಾಯಿಗೆ 74 ವರ್ಷ, ತಂದೆ ತೀರಿಕೊಂಡ ಮೇಲೆ ಕಾರ್ಕಳದ ಹತ್ತಿರದ ಹಳೆಯ ಮನೆಯಲ್ಲಿ ಒಬ್ಬರೇ ಇದ್ದಾರೆ, ನೀವಿರುವುದು ಪುಣೆಯಲ್ಲಿ ಎಂದು ಬರೆದಿದ್ದೀರಿ. ಮಣಿಪಾಲದ ಕಡೆ ಹಿರಿಯರ ವಸತಿ ಸಮುಚ್ಚಯಕ್ಕೆ ಸೇರಿಸಿದರೆ ಅವರು ಹೊಂದಿಕೊಂಡಾರೇ, ಊರಿನ ಮನೆಯನ್ನು ಮಾರಿ ಆ ಹಣವನ್ನೇ ಠೇವಣಿಗೆ ಕಟ್ಟಬಹುದೇ ಎಂಬುದು ನಿಮ್ಮ ಪ್ರಶ್ನೆ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಮನೆ ಮಾರಬೇಡಿ. ಎರಡು ಮಳೆಗಾಲ ಕಳೆಯುವ ತನಕವಾದರೂ ಬೀಗದ ಕೈ ನಿಮ್ಮ ತಾಯಿಯ ಪೆಟ್ಟಿಗೆಯಲ್ಲೇ ಇರಲಿ.

ನಾನು ಶಂಕರಪುರದ ಕಡೆಯವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ಈಗ 71. ಯಜಮಾನರು ಹೋದ ಮರುವರ್ಷ ಇಂಥದೇ ಒಂದು ಜಾಗಕ್ಕೆ ಬಂದೆ, ಇದು ನಾಲ್ಕನೆಯ ವರ್ಷ. ಆದರೆ ಮೊದಲು ಮುಂಗಡ ಕೊಟ್ಟದ್ದು ಬೇರೆ ಕಡೆಗೆ, ಮಂಗಳೂರಿನ ಹೊರವಲಯದ ಒಂದು ಸಮುಚ್ಚಯಕ್ಕೆ. ನೋಡಲು ಹೋದದ್ದು ಫೆಬ್ರವರಿಯಲ್ಲಿ. ತಂಪು ಗಾಳಿ, ಹೊಳೆಯುವ ನೆಲ, ಉದ್ಯಾನದಲ್ಲಿ ಕಲ್ಲುಬೆಂಚು. ಮಗ ಅಲ್ಲೇ 50 ಸಾವಿರ ರೂಪಾಯಿ ಕಟ್ಟಿದ. ಜುಲೈಯಲ್ಲಿ ಸಾಮಾನು ಇಡಲೆಂದು ಹೋದಾಗ ಕಂಡದ್ದೇ ಬೇರೆ. ಕೋಣೆಯಿಂದ ಊಟದ ಮನೆಗೆ ಹೋಗುವ ದಾರಿಗೆ ಮೇಲ್ಛಾವಣಿಯೇ ಇಲ್ಲ. ಅದೇ ಹೊಳೆಯುವ ನೆಲದ ಮೇಲೆ ಪಾಚಿ ಕಟ್ಟಿ, ಕೊಡೆ ಹಿಡಿದ ಒಬ್ಬ ಹಿರಿಯರು ಗೋಡೆಗೆ ಕೈ ಕೊಟ್ಟು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಮ್ಮ ಹಳ್ಳಿಯ ಅಂಗಳದಲ್ಲಾದರೆ ಜಾರದ ಹಾಗೆ ತೆಂಗಿನ ಮಡಲು ಹಾಸುತ್ತೇವೆ. ಅಷ್ಟು ಹಣ ಪಡೆಯುವವರಿಗೆ ಅಷ್ಟೂ ತೋಚಿರಲಿಲ್ಲ. ನಾನು ಬೇಡವೆಂದೆ. ಮುಂಗಡದಲ್ಲಿ ಅರ್ಧ ಮಾತ್ರ ಮರಳಿತು, ಅದೂ ಎಂಟು ತಿಂಗಳ ಮೇಲೆ.

ನಮ್ಮ ಕರಾವಳಿಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆದ್ದರಿಂದಲೇ ಹೇಳುತ್ತೇನೆ, ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ನಿಮ್ಮ ತಾಯಿ ಅಲ್ಲಿ 15 ದಿನ ಅತಿಥಿಯಾಗಿ ಇದ್ದು ನೋಡಲಿ. ಹೆಚ್ಚಿನ ಕಡೆ ದಿನದ ಲೆಕ್ಕದಲ್ಲಿ ಹಣ ಪಡೆದು ಉಳಿಸಿಕೊಳ್ಳುತ್ತಾರೆ. ಕರೆಂಟು ಹೋದರೆ ಜನರೇಟರು ಲಿಫ್ಟಿಗೂ ಸಾಕಾಗುತ್ತದೆಯೇ, ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಗೋಡೆಯ ಮೂಲೆಯಲ್ಲಿ ಬೂಸಲು ಇದೆಯೇ, ರಾತ್ರಿ ಎರಡು ಗಂಟೆಗೆ ಗಂಟೆ ಒತ್ತಿದರೆ ದಾದಿ ಬರುತ್ತಾರೋ ಕಾವಲುಗಾರ ಬರುತ್ತಾನೋ, ಎಲ್ಲವೂ ಆ 15 ದಿನಗಳಲ್ಲಿ ತಿಳಿಯುತ್ತದೆ. ಮಣಿಪಾಲದ ಆಸ್ಪತ್ರೆ ಹತ್ತಿರವೆಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ವಾಹನ ಓಡಿಸುವವರು ಯಾರೆಂದು ಹೆಸರು ಹಿಡಿದು ಕೇಳಿ.

ಕಾಗದಪತ್ರವನ್ನು ನೀವೇ ಕುಳಿತು ಓದಬೇಕು. ಮನೆ ತಾಯಿಯ ಹೆಸರಿಗೆ ಕ್ರಯವಾಗುತ್ತದೆಯೋ, ಠೇವಣಿ ಕೊಟ್ಟು ಇರುವ ಹಕ್ಕು ಮಾತ್ರವೋ? ಹೊಸ ಸಮುಚ್ಚಯದಲ್ಲಿ ಕೊಳ್ಳುವುದಾದರೆ ಕರ್ನಾಟಕ ರೇರಾದಲ್ಲಿ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆಯೇ ನೋಡಿ. ಠೇವಣಿಯಾದರೆ ಬಿಟ್ಟುಹೋಗುವಾಗ ಎಷ್ಟು ಕಡಿತ, ಎಷ್ಟು ದಿನದೊಳಗೆ ವಾಪಸು, ತಿಂಗಳ ಖರ್ಚು ವರ್ಷಕ್ಕೆ ಎಷ್ಟು ಏರುತ್ತದೆ ಎಂಬುದು ಅಂಕಿಯಲ್ಲಿ ಬರೆದಿರಲಿ. ಕೇಳಲು ಎಲ್ಲರೂ ಹಿಂಜರಿಯುವ ಪ್ರಶ್ನೆ ಇನ್ನೊಂದಿದೆ: ಹಾಸಿಗೆ ಹಿಡಿದರೆ, ಮರೆವಿನ ಕಾಯಿಲೆ ಬಂದರೆ ಇರಿಸಿಕೊಳ್ಳುತ್ತೀರೋ, ಕರೆದುಕೊಂಡು ಹೋಗಿ ಎನ್ನುತ್ತೀರೋ? ಹಲವು ಕಡೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಜಾಗ. ಅದನ್ನು ಸೇರಿದ ಮೇಲೆ ತಿಳಿಯುವುದು ಬಹಳ ಕ್ರೂರ.

ಊರಿನ ಮನೆಯನ್ನು ನಿಮ್ಮ ತಮ್ಮನ ಹೆಸರಿಗೆ ದಾನಪತ್ರ ಮಾಡಿಸುವ ಮಾತೂ ನಡೆದಿದೆ ಎಂದು ಬರೆದಿದ್ದೀರಿ. ಅವಸರ ಬೇಡ. ಮಾಡಲೇಬೇಕಾದರೆ, ತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಇರಲಿ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಮಿನಂತೆ, ಅಂಥ ಷರತ್ತು ಮುರಿದರೆ ವರ್ಗಾವಣೆಯನ್ನು ರದ್ದುಪಡಿಸಬಹುದು. ಅದಕ್ಕೆ ಸಹಾಯಕ ಆಯುಕ್ತರ ನ್ಯಾಯಮಂಡಳಿ ಇದೆ. ಹಿರಿಯರ ಸಹಾಯವಾಣಿ 14567 ಅನ್ನು ತಾಯಿಯ ಮೊಬೈಲಿನಲ್ಲಿ ಉಳಿಸಿಡಿ.

ಇನ್ನು ಹೊಂದಿಕೊಳ್ಳುವ ವಿಚಾರ. ಮೊದಲ ಎರಡು ತಿಂಗಳು ನಾನು ಹೊಂದಿಕೊಳ್ಳಲೇ ಇಲ್ಲ. ಮಗ ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದ್ದೇನೆ" ಎನ್ನುತ್ತಿದ್ದೆ. ನಿಮ್ಮ ತಾಯಿಯೂ ಹಾಗೆಯೇ ಹೇಳುತ್ತಾರೆ, ನಂಬಬೇಡಿ, ಬಂದು ನೋಡಿ. ಊರಿನಲ್ಲಿ ನಾನು ಎಲ್ಲರಿಗೂ ಟೀಚರ್ ಆಗಿದ್ದೆ, ಬೇಲಿಯಾಚೆಯಿಂದ "ಒಣಸ್ ಆಂಡಾ?" (ಊಟವಾಯಿತೇ?) ಎಂದು ತುಳುವಿನಲ್ಲಿ ಕೇಳುವವರು ದಿನಕ್ಕೆ ಹತ್ತು ಜನ. ಇಲ್ಲಿ ನಾನು ಎರಡನೇ ಮಹಡಿಯ ಆರನೇ ನಂಬರು. ರಾತ್ರಿ ಕುಚ್ಚಲಕ್ಕಿ ಗಂಜಿಯ ಬದಲು ಚಪಾತಿ. ಬಾಗಿಲು ಹಾಕಿಕೊಂಡು ಟಿವಿ ನೋಡುತ್ತಿದ್ದೆ.

ಅಡುಗೆ ಮನೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ನಮ್ಮ ಊರಿನ ಕಡೆಯಿಂದ ಬರುತ್ತಾಳೆ, ಅವಳ ಮನೆಯಲ್ಲಿ ಮಲ್ಲಿಗೆ ಕೃಷಿ. ಒಂದು ದಿನ ದೇವರಿಗೆಂದು ಒಂದು ಬೊಗಸೆ ಮೊಗ್ಗು, ಒಂದಿಷ್ಟು ಬಾಳೆನಾರು ತಂದುಕೊಟ್ಟಳು. ನಾರನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಸೀಳಿ, ಜಗಲಿಯಲ್ಲಿ ಕುಳಿತು ಕಟ್ಟತೊಡಗಿದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರಿನ ಒಂದು ಸುತ್ತು, ಒಂದು ಎಳೆತ. ಹೆಚ್ಚು ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಸಂಜೆಗೆ ಹೂವು ಉದುರುತ್ತದೆ. ಎದುರು ಕೋಣೆಯ ಶಿರ್ವದ ಬಾಯಮ್ಮ, ಅಷ್ಟು ದಿನ ನನ್ನೊಡನೆ ಒಂದು ಮಾತೂ ಆಡಿರದವರು, ಬಂದು ನಿಂತು ನೋಡಿದರು. "ಟೀಚರ್, ಒಂದು ಚೆಂಡಿಗೆ ಎಷ್ಟು ಹೂವು, ನೆನಪಿದೆಯಾ?" ಎಂದರು. 800 ಎಂದೆ; ಚೆಂಡು, ಅಟ್ಟೆ ಎಂದರೆ ನಮ್ಮ ಕಡೆ ಮಲ್ಲಿಗೆ ಮಾರುವ ಅಳತೆ. "ನಾಲ್ಕು ಚೆಂಡಿಗೆ ಒಂದು ಅಟ್ಟೆ" ಎನ್ನುತ್ತಾ ಕುಳಿತು ನಾರು ಎತ್ತಿಕೊಂಡರು. ಬಾಲ್ಯದಲ್ಲಿ ಅವರೂ ಶಾಲೆಗೆ ಹೋಗುವ ಮೊದಲು ಹೂ ಕಟ್ಟಿದವರು. ನಾನು ಟೀಚರ್ ಎಂದು ಅವರಿಗೆ ಹೇಗೆ ಗೊತ್ತಾಯಿತೆಂದು ಇಂದಿಗೂ ಕೇಳಿಲ್ಲ. ಆ ರಾತ್ರಿ ಚಪಾತಿಯನ್ನು ಅವರ ಮೇಜಿನಲ್ಲಿ ತಿಂದೆ. ತಿಂಗಳೊಳಗೆ ಜಗಲಿಯಲ್ಲಿ ಆರು ಮಂದಿಯಾದೆವು. ಆರು ಮಂದಿ ಸೇರಿ ಕೇಳಿದ್ದಕ್ಕೇ ವಾರಕ್ಕೆ ಮೂರು ರಾತ್ರಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಂತು.

ನಿಮ್ಮ ತಾಯಿಯ ಕೈ ಯಾವ ಕೆಲಸಕ್ಕೆ ಪಳಗಿದೆ ಎಂದು ನೀವು ಬರೆದಿಲ್ಲ. ಹಪ್ಪಳವೋ, ಹೊಲಿಗೆಯೋ, ಭಜನೆಯೋ, ತರಕಾರಿ ಬೆಳೆಯುವುದೋ, ಅದಕ್ಕೆ ಬೇಕಾದ ಸಾಮಾನು ಮೊದಲ ದಿನವೇ ಜೊತೆಗೆ ಹೋಗಲಿ. ಹೊಸ ಸೋಫಾ ಕೊಡಿಸುವುದಕ್ಕಿಂತ ಅದು ಮುಖ್ಯ. ಕೋಣೆ ನೆಲಮಹಡಿಯಲ್ಲಿ, ಜನ ಓಡಾಡುವ ಜಗಲಿಗೆ ತೆರೆಯುವಂಥದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಹಿಡಿಯಿರಿ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ನೀವೇ ಬನ್ನಿ, ಬಂದಾಗ ಅವರನ್ನು ಕಾರ್ಕಳದ ಮನೆಗೆ ಕರೆದುಕೊಂಡು ಹೋಗಿ ಎರಡು ದಿನ ಒಲೆ ಹಚ್ಚಿಸಿ. ನಾನು ಈಗಲೂ ಚೌತಿಗೆ ಊರಿಗೆ ಹೋಗುತ್ತೇನೆ. ಹೋದ ವರ್ಷ ಬಾಯಮ್ಮನೂ ಜೊತೆಗೆ ಬಂದಿದ್ದರು.

ಜುಲೈಯಲ್ಲಿ ಅವರನ್ನು ಮಣಿಪಾಲದ ಕಡೆ ಕರೆತರುವುದಾದರೆ ಇಲ್ಲೇ ಒಂದು ಸಾಲು ಬರೆಯಿರಿ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಬಂದು ಕುಳಿತುಕೊಳ್ಳಲಿ.