ಎಲ್ಲವೂ ಹಸಿರು, ನಿದ್ದೆ ಮಾತ್ರ ಇಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಂದವರು ಮೂವತ್ತರ ಆಸುಪಾಸಿನ ಯುವತಿ. ರಾತ್ರಿ ಹೊತ್ತು ತಾನಾಗಿಯೇ ಓಡುವ ಆಟೊಮೇಷನ್ ಸ್ಕ್ರಿಪ್ಟ್‌ಗಳ, ಅಂದರೆ ಸಣ್ಣ ಪ್ರೋಗ್ರಾಂಗಳ, ಹೊಣೆ ಅವರದು. ನಡುರಾತ್ರಿ ಎದ್ದು ಲಾಗ್ (ಅವು ಓಡಿದಾಗ ಏನೇನಾಯಿತು ಎಂಬ ದಾಖಲೆ) ತೆಗೆದು ನೋಡುತ್ತಾರೆ. "ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲಾ ಹಸಿರೇ ಇರುತ್ತೆ ಮೇಡಂ. ಆದ್ರೂ ನಂಬಿಕೆ ಬರಲ್ಲ" ಅಂದರು.

ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಂದು ಸ್ಕ್ರಿಪ್ಟ್ ಅರ್ಧಕ್ಕೆ ನಿಂತಾಗ ಮೀಟಿಂಗ್‌ನಲ್ಲಿ ಎಲ್ಲರೆದುರು ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಅಂದಿನಿಂದ ಪ್ರತಿ ಹಂತವನ್ನೂ ಟ್ರೈ-ಎಕ್ಸೆಪ್ಟ್ (ಎರರ್ ಬಂದರೆ ಹಿಡಿಯುವ ಕೋಡ್) ಒಳಗೆ ಹಾಕಿ, ಎಕ್ಸೆಪ್ಟ್ ಕೆಳಗೆ ಸುಮ್ನೆ 'ಪಾಸ್', ಅಂದರೆ 'ಏನೂ ಮಾಡದೆ ಮುಂದೆ ಹೋಗು', ಅಂತ ಬರೆಯತೊಡಗಿದರು. ಎರರ್ ಬಂದರೂ ಸ್ಕ್ರಿಪ್ಟ್ ನಿಲ್ಲುವುದಿಲ್ಲ. ಕೊನೆಗೆ ಎಕ್ಸಿಟ್ ಕೋಡ್ 0, ಅಂದರೆ ಎಲ್ಲ ಸರಿ. ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಶೆಡ್ಯೂಲರ್ ನೋಡುವುದು ಅಷ್ಟನ್ನೇ. ಒಂದು ರಾತ್ರಿ ಗ್ರಾಹಕರ ಫೈಲ್ ಖಾಲಿ ಬಂತು. ಓದುವಾಗ ಎದ್ದ ಎರರ್ ಅಲ್ಲೇ ಹೂತುಹೋಯಿತು. ಮುಂದಿನ ಹಂತ ಹಳೆಯ ಪಟ್ಟಿಯನ್ನು ಅಳಿಸಿತು, ತುಂಬಲು ಏನೂ ಇರಲಿಲ್ಲ. ಗುರುತು ಮಾತ್ರ ಹಸಿರು.

"ಅವತ್ತು ಓದುವ ಹಂತದಲ್ಲೇ ನಿಂತಿದ್ದರೆ ಏನು ನಷ್ಟ ಆಗ್ತಿತ್ತು?" ಎಂದು ಕೇಳಿದೆ. ತುಂಬಾ ಹೊತ್ತು ಯೋಚಿಸಿದರು. "ಏನೂ ಇಲ್ಲ. ಪಟ್ಟಿ ಒಂದು ದಿನ ಹಳೆಯದಾಗಿರ್ತಿತ್ತು, ಅಷ್ಟೇ."

ಈ ವೃತ್ತಿಗೆ ಬರುವ ಮೊದಲು ನಾನೂ ಇಂಥ ಕೆಲಸ ಮಾಡುತ್ತಿದ್ದುದರಿಂದ ಇಬ್ಬರೂ ಕೂತು ಕೋಡ್ ನೋಡಿದೆವು. ಗೊತ್ತಿರುವ ಎರರ್ ಮಾತ್ರ ಹಿಡಿಯಿರಿ ಎಂದೆ. ನೆಟ್‌ವರ್ಕ್ ಕೈಕೊಟ್ಟರೆ ಮತ್ತೊಮ್ಮೆ ಪ್ರಯತ್ನಿಸಲಿ, ಆಮೇಲೂ ಆಗದಿದ್ದರೆ 'ರೈಸ್' ಮಾಡಿ, ಅಂದರೆ ಎರರ್ ಮುಚ್ಚಿಡದೆ ಮೇಲಕ್ಕೆ ಕಳಿಸಿ. ಅಳಿಸುವ ಹಂತಕ್ಕೆ ಮೊದಲು ಸಾಲು ಎಣಿಸಿ, 0 ಇದ್ದರೆ ಅಲ್ಲೇ ನಿಲ್ಲಿಸಿ. ಎನ್‌8ಎನ್ ಎಂಬ ಆಟೊಮೇಷನ್ ಸಾಧನದಲ್ಲಿ ಇದಕ್ಕೆಂದೇ 'ಸ್ಟಾಪ್ ಅಂಡ್ ಎರರ್' ನೋಡ್ (ಒಂದು ಹಂತ) ಇದೆ. ಮೈಕ್ರೋಸಾಫ್ಟ್‌ನ ಅಂಥದೇ ಸಾಧನ ಪವರ್ ಆಟೊಮೇಟ್‌ನಲ್ಲಿ 'ಟರ್ಮಿನೇಟ್' ಇದೆ. ಅದರ ಸ್ಟೇಟಸ್ 'ಫೇಲ್ಡ್' ಅಂತಲೇ ಇಡಬೇಕು. 'ಸಕ್ಸೀಡೆಡ್' ಇಟ್ಟರೆ ಕೆಲಸ ಅರ್ಧಕ್ಕೆ ನಿಂತರೂ ಗೆದ್ದ ಹಾಗೆ ದಾಖಲಾಗುತ್ತದೆ.

ಜಾಸ್ತಿ ಸಮಯ ಹೋದದ್ದು ಎರರ್ ಮೆಸೇಜ್ ಬರೆಯಲು. 'ಏನೋ ತಪ್ಪಾಗಿದೆ' ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಕೊನೆಗೆ ಬರೆದದ್ದು ಇದು: "ಗ್ರಾಹಕರ ಫೈಲ್‌ನಲ್ಲಿ 0 ಸಾಲು. ಹಳೆಯ ಪಟ್ಟಿ ಹಾಗೇ ಇದೆ, ಏನೂ ಅಳಿಸಿಲ್ಲ. ಫೈಲ್ ಮತ್ತೆ ತರಿಸಿ ಮೊದಲಿನಿಂದ ಓಡಿಸಿ." ಓದಿ ನೋಡಿ ಅವರು, "ಇಷ್ಟು ಬರೆದಿದ್ರೆ ಬೈಯೋಕೆ ಏನಿರುತ್ತೆ, ಅಲ್ವಾ?" ಅಂದರು.

ಆದರೆ ಬೈಗುಳದ ಭಯ ಕೋಡ್‌ನಿಂದ ಹೋಗುವುದಿಲ್ಲ. ಕೆಂಪು ಗುರುತು ಕಂಡ ತಕ್ಷಣ ಕೂಗಾಡುವ ಹಿರಿಯರು ತಂಡಕ್ಕೆ ಮುಚ್ಚಿಡುವುದನ್ನೇ ಕಲಿಸುತ್ತಾರೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಬದಲಾವಣೆ ಮಾಡುವ ಮೊದಲೇ ಟೀಮ್ ಲೀಡ್ ಜೊತೆ ಒಬ್ಬರೇ ಕೂತು ಮಾತಾಡಿ ಎಂದೆ: ಯಾವ ತಪ್ಪಿಗೆ ನಿಲ್ಲಬೇಕು, ಮೆಸೇಜ್ ಯಾರಿಗೆ ಹೋಗಬೇಕು, ಯಾವುದು ಬೆಳಗಿನವರೆಗೆ ಕಾಯಬಹುದು.

ಅವರು ಮೊದಲು ಆ ಒಂದು ಸ್ಕ್ರಿಪ್ಟ್ ಮಾತ್ರ ಬದಲಿಸಿದರು. ಮುಂದಿನ ಭೇಟಿಯ ಹೊತ್ತಿಗೆ ಅದು ಒಮ್ಮೆ ನಿಂತಿತ್ತು. ಬೆಳಿಗ್ಗೆ ಮೆಸೇಜ್ ನೋಡಿದ ಸಹೋದ್ಯೋಗಿಯೇ ಫೈಲ್ ತರಿಸಿ ಓಡಿಸಿದ್ದರಂತೆ. ಉಳಿದ ಸ್ಕ್ರಿಪ್ಟ್‌ಗಳ ಚಿಂತೆಗೆ ಇನ್ನೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಅವನ್ನು ಒಂದೊಂದಾಗಿ ತಿದ್ದುತ್ತಿದ್ದಾರೆ.