ಸಣಕಲು ಬೆಕ್ಕಿಗೆ ಕ್ರಾಸ್ ಮಾಡಿಸಬಹುದಾ?

ಪ್ರಶ್ನೆ: ನಮ್ಮ ಪರ್ಷಿಯನ್ ಬೆಕ್ಕು ಮಲ್ಲಿಗೆ ಈಗ 14 ತಿಂಗಳು. ತೂಕ 2 ಕೆ.ಜಿ. 100 ಗ್ರಾಂ ಅಷ್ಟೇ. ಮೂರು ತಿಂಗಳಿಂದ ಮತ್ತೆ ಮತ್ತೆ ಬೆದೆಗೆ ಬರುತ್ತಿದ್ದಾಳೆ, ರಾತ್ರಿಯೆಲ್ಲಾ ಕೂಗುತ್ತಾಳೆ. ಊಟಕ್ಕೆ ಹಾಲು-ಅನ್ನ, ವಾರಕ್ಕೆರಡು ಸಲ ಕೋಳಿ. ಪರಿಚಯದವರ ಮನೆಯಲ್ಲಿ ಒಳ್ಳೆಯ ಗಂಡು ಬೆಕ್ಕಿದೆ. ಒಂದು ಸಲ ಮರಿ ಹಾಕಿದರೆ ಮೈ ತುಂಬಿಕೊಳ್ಳುತ್ತದೆ, ಹಾಕದಿದ್ದರೆ ಕಾಯಿಲೆ ಬರುತ್ತದೆ ಎನ್ನುತ್ತಾರೆ. ಕ್ರಾಸ್ ಮಾಡಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ಈಗ ಬೇಡ. ದಯವಿಟ್ಟು ಬೇಡ.

ಮರಿ ಹಾಕಿದರೆ ಮೈ ತುಂಬುತ್ತದೆ ಎನ್ನುವ ಮಾತು ಪೂರ್ತಿ ಉಲ್ಟಾ. ಬೆಕ್ಕಿನ ಗಬ್ಬ ಸುಮಾರು 65 ದಿನ. ಗಬ್ಬ ಕಟ್ಟಿದ ಮೊದಲ ವಾರಗಳಿಂದಲೇ ಅದರ ಮೈ ಕೊಬ್ಬು ಕೂಡಿಡುತ್ತದೆ, ಯಾಕೆಂದರೆ ಹಾಲು ಕುಡಿಸುವಾಗ ಎಷ್ಟು ತಿಂದರೂ ಸಾಲದು, ಆ ಗಂಟಿನಿಂದಲೇ ತೆಗೆದು ಮರಿಗಳಿಗೆ ಕೊಡಬೇಕು. ಮಲ್ಲಿಯ ಹತ್ತಿರ ಕೂಡಿಡಲು ಏನಿದೆ ಹೇಳಿ? ನನ್ನ ಬಳಿ ಒಮ್ಮೆ ಇಂಥದ್ದೇ ಸಣಕಲು ಬಾಣಂತಿಯನ್ನು ತಂದಿದ್ದರು. ನಾಲ್ಕು ಮರಿ, ಹಾಲೇ ಇಲ್ಲ. ಎರಡು ಮರಿ ಮೂರನೇ ದಿನಕ್ಕೇ ಹೋದವು, ತಾಯಿಯನ್ನು ಉಳಿಸಿಕೊಳ್ಳಲು ವಾರಗಟ್ಟಲೆ ಒದ್ದಾಡಬೇಕಾಯಿತು. ಬೆದೆಗೆ ಬಂದಿದೆ ಎಂದರೆ ಮೈ ತಯಾರಾಗಿದೆ ಎಂದಲ್ಲ, ಆರೇಳು ತಿಂಗಳ ಮರಿಯೂ ಬೆದೆಗೆ ಬರುತ್ತದೆ.

ಬೆಳೆದ ಹೆಣ್ಣು ಪರ್ಷಿಯನ್ ಸಾಮಾನ್ಯವಾಗಿ 3 ಕೆ.ಜಿ. ದಾಟಿರುತ್ತದೆ. ಆದರೆ ನಾನು ತಕ್ಕಡಿಗಿಂತ ಕೈಯನ್ನು ಜಾಸ್ತಿ ನಂಬುತ್ತೇನೆ. ಪರ್ಷಿಯನ್‌ಗೆ ಕೂದಲೇ ಅಷ್ಟಿರುತ್ತದೆ, ನೋಡಿದರೆ ದುಂಡಗೇ ಕಾಣುತ್ತದೆ. ಹಾಗಾಗಿ ಕೂದಲೊಳಗೆ ಬೆರಳಿಟ್ಟು ಪಕ್ಕೆಲುಬು ಸವರಿ. ಆಮೇಲೆ ನಿಮ್ಮ ಅಂಗೈ ಚಾಚಿ, ಅದರ ಹಿಂಭಾಗದ ಮೂಳೆಗಳನ್ನು ಮುಟ್ಟಿ ನೋಡಿ. ಪಕ್ಕೆಲುಬು ಹಾಗೆ ಸಿಕ್ಕರೆ ಚೆನ್ನಾಗಿದೆ. ಮುಷ್ಟಿ ಕಟ್ಟಿದಾಗಿನ ಗೆಣ್ಣುಗಳ ಹಾಗೆ ಚುಚ್ಚಿದರೆ, ಬೆನ್ನುಮೂಳೆಯೂ ಒಂದೊಂದೇ ಎಣಿಸುವಂತೆ ಸಿಕ್ಕರೆ, ಅವಳು ನಿಜಕ್ಕೂ ತೆಳ್ಳಗಿದ್ದಾಳೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಾಕೆ ತೆಳ್ಳಗಿದ್ದಾಳೆ?

ಮೊದಲ ಅನುಮಾನ ಊಟದ ಮೇಲೆ. ಬೆಕ್ಕು ಹುಟ್ಟಾ ಮಾಂಸಾಹಾರಿ, ನಾಯಿಯ ಹಾಗೆ ಅನ್ನದಲ್ಲಿ ಬದುಕುವ ಪ್ರಾಣಿ ಅಲ್ಲ. ಟಾರಿನ್ ಎಂಬ ಒಂದು ಅಂಶ ಅದಕ್ಕೆ ಬೇಕೇ ಬೇಕು, ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಟಾರಿನ್ ಕಡಿಮೆಯಾದರೆ ಕಣ್ಣು, ಹೃದಯ ಕೆಡುತ್ತವೆ, ಗಬ್ಬದಲ್ಲಿ ಮರಿಗಳೂ ಸಾಯುತ್ತವೆ. ಇನ್ನು ಹಾಲು. ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಅದು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಬೆಕ್ಕಿಗೆಂದೇ ಮಾಡಿದ ಪೂರ್ಣ ಆಹಾರಕ್ಕೆ ಬದಲಾಯಿಸಿ, ಮರಿಗಳ ಆಹಾರವಾದರೂ ಸರಿ, ಅದರಲ್ಲಿ ಶಕ್ತಿ ಜಾಸ್ತಿ. ಒಂದೇ ದಿನ ಬದಲಾಯಿಸಬೇಡಿ, ಎಂಟು-ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ ಬನ್ನಿ. ಕೋಳಿ ಬೇಯಿಸಿದರೆ ಆ ನೀರನ್ನೂ ಕೊಡಿ, ಟಾರಿನ್ ನೀರಿಗಿಳಿದಿರುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಸೋಕಿಸಬೇಡಿ.

ಎರಡನೆಯದು ಜಂತುಹುಳು. ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ಹಾಕಬೇಡಿ, ಮಲ ಪರೀಕ್ಷೆ ಮಾಡಿಸಿ, ತೂಕಕ್ಕೆ ಸರಿಯಾಗಿ ಔಷಧಿ ಕೊಡಿಸಿ. ತಾಯಿಯ ಹಾಲಿನ ಮೂಲಕವೇ ಹುಳು ಮರಿಗಳಿಗೆ ಹೋಗುತ್ತದೆ. ಚಿಗಟ ಇದೆಯಾ, ಒಸಡು ಬಿಳಿಚಿದೆಯಾ, ಬಾಯಿ ನೋವಿದೆಯಾ ಎಂದೂ ನೋಡಬೇಕು. ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ಮತ್ತು ಲ್ಯುಕೇಮಿಯಾ ಎಂಬ ಎರಡು ವೈರಸ್‌ಗಳಿಗೆ ರಕ್ತ ಪರೀಕ್ಷೆ ಆಗಲಿ. ಪರ್ಷಿಯನ್ ಆದ್ದರಿಂದ ಇನ್ನೊಂದು ಮಾತು. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ ಎಂಬ ವಂಶದ ಕಾಯಿಲೆ ಇದೆ. ಅಪ್ಪ-ಅಮ್ಮಂದಿರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಿಮ್ಮ ಪರಿಚಯದವರ ಗಂಡು ಬೆಕ್ಕಿಗೂ ಮಾಡಿಸಿದ್ದಾರಾ? ಕೇಳಲು ಸಂಕೋಚ ಪಡಬೇಡಿ.

ಬೆದೆಯೂ ಅವಳನ್ನು ತೆಳ್ಳಗಿಡುತ್ತಿರಬಹುದು. ಸುಮಾರು ಒಂದು ವಾರ ಬೆದೆ, ಆಗ ಎಷ್ಟೋ ಬೆಕ್ಕುಗಳು ಸರಿಯಾಗಿ ತಿನ್ನುವುದೇ ಇಲ್ಲ, ಗಂಡು ಸಿಗದಿದ್ದರೆ ಎರಡು-ಮೂರು ವಾರಕ್ಕೆ ಮತ್ತೆ ಅದೇ. ಕೂಗು ನಿಲ್ಲಲಿ ಎಂದು ಹಾರ್ಮೋನ್ ಇಂಜೆಕ್ಷನ್ ಕೊಡಿಸಬೇಡಿ, ಅದರಿಂದ ಗರ್ಭಕೋಶದಲ್ಲಿ ಕೀವು, ಕೆಚ್ಚಲಲ್ಲಿ ಗಡ್ಡೆ ಆಗುವ ಅಪಾಯವಿದೆ. ಆ ದಿನಗಳಲ್ಲಿ ಕಿಟಕಿ, ಬಾಲ್ಕನಿ ಭದ್ರ ಮಾಡಿ. ಬೀದಿಯ ಗಂಡು ಬೆಕ್ಕು ನಿಮ್ಮನ್ನು ಕೇಳಿ ಬರುವುದಿಲ್ಲ ಅಲ್ವಾ.

ಮರಿ ಹಾಕದಿದ್ದರೆ ಕಾಯಿಲೆ ಎನ್ನುವುದು ಸುಳ್ಳು. ಗರ್ಭಕೋಶ, ಅಂಡಾಶಯ ತೆಗೆಸಿದ ಬೆಕ್ಕು ಆರಾಮಾಗಿ ಬದುಕುತ್ತದೆ, ಕೀವಿನ ಭಯವೂ ಇಲ್ಲ, ರಾತ್ರಿ ಕೂಗೂ ಇಲ್ಲ. ನನ್ನನ್ನು ಕೇಳಿದರೆ ಮಲ್ಲಿಗೆ ಅದೇ ಒಳ್ಳೆಯದು. ಪರ್ಷಿಯನ್ ಮರಿಗಳ ತಲೆ ಅಗಲ, ಹೆರಿಗೆ ಸಿಕ್ಕಿಕೊಳ್ಳುವುದು ಈ ತಳಿಯಲ್ಲಿ ಜಾಸ್ತಿ, ಸಣಕಲು ತಾಯಿಗೆ ಸಿಸೇರಿಯನ್ ಎಂದರೆ ಇನ್ನೂ ಕಷ್ಟ.

ಆದರೂ ಮರಿ ಬೇಕೇ ಬೇಕು ಎನ್ನುವುದಾದರೆ ಕಾಯಿರಿ. ಪ್ರತಿ ಭಾನುವಾರ ಬೆಳಗ್ಗೆ ಊಟಕ್ಕೆ ಮುಂಚೆ ಅವಳನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ವ್ಯತ್ಯಾಸವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಪಕ್ಕೆಲುಬಿನ ಮೇಲೆ ಮಾಂಸ ಹಿಡಿದು, ತೂಕ 3 ಕೆ.ಜಿ. ಹತ್ತಿರ ಬಂದು ಒಂದೆರಡು ತಿಂಗಳು ಅಲ್ಲೇ ನಿಂತು, ಪರೀಕ್ಷೆಗಳೆಲ್ಲಾ ಸರಿ ಬಂದು, ಲಸಿಕೆಗಳು ಮುಗಿದಿದ್ದರೆ ಆಗ ಯೋಚಿಸಬಹುದು. ಚೆನ್ನಾಗಿ ತಿಂದೂ ತಿಂಗಳಲ್ಲಿ ತೂಕ ಅಲುಗಾಡದಿದ್ದರೆ ತಡ ಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಮಲ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ನನಗೂ ಒಂದು ಪತ್ರ ಬರೆಯಿರಿ.